ಒಲೆಯ ಮುಂದಿನ ಕೈಗವಸು

ನನ್ನ ಎಡಗೈಯ ಉಂಗುರ ಬೆರಳಿಗೆ ಒಂದು ಗೆಣ್ಣು ಕಡಿಮೆ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಹೊಸಬರು ನೋಡಿದರೆ ಕೇಳಿಯೇ ಕೇಳುತ್ತಾರೆ. ಕುಡಗೋಲು ತಾಗಿತೇ, ಗಿರಣಿಯ ಪಟ್ಟಾಕ್ಕೆ ಸಿಕ್ಕಿತೇ ಎಂದು. ನಾನು ಆ ದಿನದ ಹುಕಿಗೆ ತಕ್ಕಂತೆ ಉತ್ತರ ಕೊಡುತ್ತೇನೆ. ಒಬ್ಬಾಕೆಗೆ ಹುಲಿ ಕಚ್ಚಿತೆಂದೂ ಹೇಳಿದ್ದುಂಟು, ಆಕೆ ನಂಬಿದಳು. ನಿಜ ಹೇಳಿದರೆ ನಂಬುವವರು ಕಡಿಮೆ. ಕಣ್ಣಿಗೆ ಕಾಣದ, ಮೈಗೆ ಬಿಸಿ ಹತ್ತದ ಒಂದು ಬೆಳಕು ಈ ಬೆರಳನ್ನು ಸುಟ್ಟಿತು. ಬ್ಯಾಂಡೇಜು ಸುತ್ತಿಕೊಂಡು, ಬಿಚ್ಚಿದಾಗ ಏನು ಕಾಣುತ್ತದೋ ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತವರು ಯಾರಾದರೂ ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ನಾನೂ ಆ ಬೆಂಚಿನ ಮೇಲೆ ಕೂತವಳೇ.

ನಾವು ಅಕ್ಕಿಆಲೂರಿನವರು. ಆಗಿನ್ನೂ ಮುಂಬಯಿ ಸರಕಾರದ ಕೆಳಗಿದ್ದೆವು. ಮೈಸೂರಿಗೆ ಸೇರುವ ಮಾತು ಕಟ್ಟೆಯ ಮೇಲೆ ನಡೆಯುತ್ತಿತ್ತು. ನಮ್ಮ ಮನೆಯವರು ಅಕ್ಕಿ ಗಿರಣಿಯಲ್ಲಿ ಇಂಜಿನ್ ಫಿಟ್ಟರ್. ಊಟ ಬಿಟ್ಟಾರು, ಕೆಟ್ಟು ಕೂತ ಯಂತ್ರ ಬಿಟ್ಟಾರೇ? ಮನೆಯ ಪಡಸಾಲೆಯಲ್ಲಿ ಮನುಷ್ಯರು ಕೂಡುವ ಜಾಗಕ್ಕಿಂತ ಪಂಪು, ಮೋಟಾರುಗಳು ಕೂತ ಜಾಗವೇ ಹೆಚ್ಚಿತ್ತು. ನನಗೆ ಆಗ ಇಪ್ಪತ್ತೆರಡು ವರ್ಷ. ಮನೆಯಲ್ಲಿ ನಾವಿಬ್ಬರು, ಮತ್ತೆ ನಮ್ಮ ಅತ್ತೆ. ಅತ್ತೆಯ ಸೊಂಟದಲ್ಲಿ ಸದಾ ಒಂದು ಎಲೆ-ಅಡಿಕೆಯ ಸಂಚಿ ಇರುತ್ತಿತ್ತು. ಅದನ್ನು ಮಗನೂ ಮುಟ್ಟುವ ಹಾಗಿರಲಿಲ್ಲ, ಸೊಸೆಯ ಮಾತಂತೂ ದೂರವೇ ಉಳಿಯಿತು.

ಹಾನಗಲ್ಲಿನಲ್ಲಿ ಒಬ್ಬ ಆಚಾರ್ ಡಾಕ್ಟರು ಇದ್ದರು. ತಂದೆ ಶಾಸ್ತ್ರ ಹೇಳುವ ಪಂಡಿತರು, ಮಗ ದವಾಖಾನೆ ಇಟ್ಟವರು. ಅವರ ಮೋಟಾರು ರಿಪೇರಿಗೆ ಹೋದಾಗ ನಮ್ಮವರ ಮುಂದೆ ಒಂದು ಮಾತು ಆಡಿದ್ದರು. "ಚನ್ನಬಸಪ್ಪ, ಇಲ್ಲೊಂದು ಎಕ್ಸ್‌ರೇ ಯಂತ್ರ ಇದ್ದಿದ್ರ ಎಷ್ಟು ಮಂದಿ ಉಳೀತಿದ್ರು ಗೊತ್ತೇನು? ಕೆಮ್ಮಿನವರಿಗೆ ಮಿರಜಕ್ಕ ಹೋಗ್ರಿ ಅಂತೇನಿ. ಅರ್ಧಾ ಮಂದಿ ಹೋಗೂದ ಇಲ್ಲ."

ಆ ಮಾತು ನಮ್ಮವರ ತಲೆಯಲ್ಲಿ ಹೊಕ್ಕು ಕೂತಿತು. ಮುಂದೊಂದು ದಿನ ಹುಬ್ಬಳ್ಳಿಯ ಗುಜರಿಯಲ್ಲಿ, ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದ ಒಂದು ಎಕ್ಸ್‌ರೇ ಸೆಟ್ಟು ಕಂಡು ಕೊಂಡೇ ಬಿಟ್ಟರು. ನಾಲ್ಕು ಪೆಟ್ಟಿಗೆ. ರೈಲಿನಲ್ಲಿ ಯಲವಿಗಿಗೆ ಬಂತು. ಸವಣೂರಿನಲ್ಲಿದ್ದ ನಮ್ಮ ನಾದಿನಿಯ ಮನೆಯ ಗಾಡಿ ವೀಳ್ಯದೆಲೆಯ ಪೆಂಡಿಗಳನ್ನು ಸ್ಟೇಷನ್ನಿಗೆ ಹಾಕಿ ಬರಿದಾಗಿ ಮರಳುವುದಿತ್ತು, ಅದರಲ್ಲಿ ಸವಣೂರಿಗೆ ಬಂತು. ಅಲ್ಲಿಂದ ಬಸ್ಸಿನ ತಲೆಯ ಮೇಲೆ ಹತ್ತಿ ನಮ್ಮ ಮನೆಗೆ. ಡಾಕ್ಟರಿಗೆ ಹೇಳಲಿಲ್ಲ. "ಪೂರ್ತಿ ಆದಮ್ಯಾಲೆ ಕರದು ತೋರಸ್ತೇನಿ. ಅವರು ದಂಗಾಗಬೇಕು" ಎಂದರು ನಮ್ಮವರು.

ಪೆಟ್ಟಿಗೆಗಳನ್ನು ಬಿಚ್ಚಿದ ದಿನ ಮನೆಯಲ್ಲಿ ಹಬ್ಬ. ಒಂದರಲ್ಲಿ ಹುಲ್ಲಿನ ನಡುವೆ ಮಲಗಿಸಿದ ಗಾಜಿನ ಬುರುಡೆ. ಒಂದರಲ್ಲಿ ಎಣ್ಣೆ ತುಂಬಿದ ಕಬ್ಬಿಣದ ಡಬ್ಬಿ. ಒಂದರಲ್ಲಿ ಕಟ್ಟಿಗೆಯ ಚೌಕಟ್ಟಿನ ಪರದೆ. ಕೊನೆಯದರಲ್ಲಿ ಒಂದು ದಪ್ಪ ರಬ್ಬರಿನ ಹಾಸು, ಹೊರಲಾರದಷ್ಟು ಭಾರ, ಮತ್ತು ಅಂಥದೇ ರಬ್ಬರಿನ ಎರಡು ಕೈಗವಸು. ಅವುಗಳ ಮೇಲೆ ಇಂಗ್ಲೀಷಿನಲ್ಲಿ ಏನೋ ಬರೆದಿತ್ತು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು, ಆದರೆ ಕನ್ನಡದಲ್ಲಿ. ನಮ್ಮವರು ಅದನ್ನು ತಿರುವಿ ನೋಡಿ, "ಇದು ಗಾಜು ಒಡೀಬಾರದಂತ ಇಟ್ಟ ಸಾಮಾನು" ಎಂದು ಬದಿಗಿಟ್ಟರು.

ನಮ್ಮ ಮನೆಯಲ್ಲಿ ಬದಿಗಿಟ್ಟದ್ದು ಯಾವುದೂ ಬದಿಗೆ ಉಳಿದದ್ದಿಲ್ಲ. ರಬ್ಬರಿನ ಹಾಸು ಕಾಳಿನ ಕಣಜದ ಬಾಯಿಗೆ ಹೋಯಿತು. ಇಲಿಯ ಅಪ್ಪ ಬಂದರೂ ಅದನ್ನು ಸರಿಸಲಾರ. ಕೈಗವಸು ಅತ್ತೆ ಒಯ್ದರು. ಒಲೆಯಿಂದ ಅನ್ನದ ದೊಡ್ಡ ಗುಂಡಿ ಪಾತ್ರೆ ಇಳಿಸುವಾಗ ಹಾಕಿಕೊಂಡು, "ಏನೂ ಬಿಸಿ ಹತ್ತೂದಿಲ್ಲ ನೋಡ. ಮಿಲಿಟರಿಯವರು ಶಾಣ್ಯಾರು" ಎಂದರು. ಡಬ್ಬಿಯಲ್ಲಿದ್ದ ಹಳೆಯ ಎಣ್ಣೆಯನ್ನು ತೆಗೆದು ಹೊಸದು ಹಾಕಿದಾಗ, ಹಳೆಯದೂ ಅತ್ತೆಯ ಶೀಶೆಗೆ ಸೇರಿತು. ಮೊಣಕಾಲು ನೋವಿಗೆ ಒಳ್ಳೆಯದೆಂದು ಓಣಿಯವರೆಲ್ಲ ಹಚ್ಚಿಕೊಂಡರು.

ಸೆಟ್ಟು ರಿಪೇರಿಯಾಗಲು ಇಡೀ ಮಳೆಗಾಲ ಹಿಡಿಯಿತು. ಗಿರಣಿಯ ಹಿಂದೆ ಚೀಲ ಇಡುವ ಒಂದು ಕೋಣೆಯಿತ್ತು, ಅಲ್ಲಿಗೆ ಡೈನಮೋದಿಂದ ತಂತಿ ಎಳೆದಿದ್ದರು. ನಮ್ಮ ಮನೆ ಅದಕ್ಕೆ ಅಂಟಿಯೇ ಇತ್ತು. ಮಧ್ಯಾಹ್ನ ಕಿಟಕಿಗೆ ಕಂಬಳಿ ಹೊದಿಸಿ ಕತ್ತಲು ಮಾಡಿ, ಬೆಳಕು ಸರಿಯಾಗಿ ಬರುತ್ತದೋ ಎಂದು ನೋಡಲು ನಮ್ಮವರು ಒಳಗಿನಿಂದ ಕೂಗುತ್ತಿದ್ದರು: "ಪಾರೀ, ಕೈ ತಾ!"

ನಾನು ಓಡುತ್ತಿದ್ದೆ. ಬಲಗೈಗೆ ಹಿಟ್ಟು ಮೆತ್ತಿರುತ್ತಿತ್ತು, ಹಾಗಾಗಿ ಎಡಗೈ ಕೊಡುತ್ತಿದ್ದೆ. ಪರದೆ ಹಸಿರಾಗಿ ಬೆಳಗಿದೊಡನೆ ನನ್ನ ಎಲುಬು! ಗೆಣ್ಣು ಗೆಣ್ಣಾಗಿ ಐದು ಬೆರಳು, ತವರಿನವರು ಕೊಟ್ಟ ಉಂಗುರದ ಕಪ್ಪು ಗೆರೆ. ನಾನು ಬೆರಳು ಆಡಿಸಿದರೆ ಎಲುಬೂ ಆಡುತ್ತಿತ್ತು. ಎಷ್ಟು ಹಿಗ್ಗಿದ್ದೆನೆಂದರೆ, ಕೆಲವೊಮ್ಮೆ ಅವರು ಸಾಕೆಂದರೂ ನಾನೇ ಇನ್ನೊಂದು ಸಲ ಅನ್ನುತ್ತಿದ್ದೆ. ಬುರುಡೆಯ ಬಾಯಿಗೆ ಒಂದು ತೆಳು ಅಲ್ಯುಮಿನಿಯಂ ಬಿಲ್ಲೆ ಇತ್ತು. ಅದನ್ನು ತೆಗೆದರೆ ಬೆಳಕು ಜಾಸ್ತಿ ಎಂದು ಕಂಡು ತೆಗೆದಿಟ್ಟರು.

ಅವರು ಬೇಜವಾಬ್ದಾರಿಯವರೆಂದು ಯಾರೂ ತಿಳಿಯಬಾರದು. ಕರೆಂಟಿಗೆ ಬಹಳ ಅಂಜುತ್ತಿದ್ದರು. ನನ್ನನ್ನು ಕಟ್ಟಿಗೆಯ ಹಲಗೆಯ ಮೇಲೆ ನಿಲ್ಲಿಸಿ, "ಹಲಗಿ ಮ್ಯಾಲಿಂದ ಇಳೀಬ್ಯಾಡ. ಸೆರಗು ಬಿಗದು ಕಟ್ಟಿಕೋ" ಎಂದು ಹತ್ತು ಸಲ ಹೇಳುತ್ತಿದ್ದರು. ಅಷ್ಟು ಕಾಳಜಿ ಮಾಡುವ ಗಂಡ ಓಣಿಯಲ್ಲಿ ಇನ್ನೊಬ್ಬನಿರಲಿಲ್ಲ. ಆ ಕಾಳಜಿಯಲ್ಲೇ ನನ್ನ ಕೈಯನ್ನು ದಿನಾ ಆ ಬೆಳಕಿಗೆ ಹಿಡಿದೆವು.

ಮೊದಲು ಬೆರಳುಗಳು ಬಿಸಿಲಿಗೆ ಕೆಂಪೇರಿದಂತೆ ಕೆಂಪಾದವು. ಆಮೇಲೆ ತುರಿಕೆ, ಆಮೇಲೆ ಬೊಬ್ಬೆ, ಬಾವು. ಉಂಗುರ ತೆಗೆಯಲು ಬರಲಿಲ್ಲ. ಅಕ್ಕಸಾಲಿಗ ಪತ್ತಾರನನ್ನು ಕರೆಸಿ ಕತ್ತರಿಸಿದೆವು. ಕತ್ತರಿಸಿದ ಉಂಗುರವನ್ನು ಅತ್ತೆ ಎತ್ತಿಕೊಂಡರು. ಎಲ್ಲಿಟ್ಟಿರಿ ಎಂದು ನಾಲ್ಕು ದಿನ ಬಿಟ್ಟು ಕೇಳಿದರೆ, "ಐತಿ ಎಲ್ಲೋ. ಈಗ ನಿನಗ ಉಂಗುರದ ಚಿಂತಿ ಏನು?" ಎಂದು ಗದರಿದರು. ಸವಣೂರಿನ ಮಗಳಿಗೆ ಮುಟ್ಟಿಸಿದರೆಂದೇ ನಾನು ತಿಳಿದೆ. ಆ ಸಿಟ್ಟನ್ನು ಬಹಳ ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ.

ಕಾಯಿಲೆಗೆ ಹೆಸರು ಕೊಡಲು ಊರಲ್ಲಿ ಬರವಿರಲಿಲ್ಲ. ಸರ್ಪಸುತ್ತು ಎಂದರು ಒಬ್ಬರು. ನಂಜು ಎಂದರು ಇನ್ನೊಬ್ಬರು, ಅಂದಿನಿಂದ ನನಗೆ ಬದನೆಕಾಯಿ ಬಂದ್. ಅತ್ತೆ ಮೊಣಕಾಲಿನ ಎಣ್ಣೆಯನ್ನೇ ತಂದು ಹಚ್ಚಿದರು, ಉರಿ ಇಮ್ಮಡಿಯಾಯಿತು. ಕೊನೆಗೆ ಮಹಾನವಮಿಯ ಖಂಡೇ ಪೂಜೆಯ ದಿನ, ಎಲ್ಲ ಹತಾರಗಳಿಗೂ ಕುಂಕುಮ ಇಡುವಾಗ, ಅವರಿಗೆ ಕಾರಣ ಹೊಳೆಯಿತು.

"ಯಂತ್ರ ಅಂದ್ರ ಲಕ್ಷ್ಮಿ. ಲಕ್ಷ್ಮಿಗೆ ದಿನಾ ಎಡಗೈ ಒಡ್ಡಿದ್ರ ಆಕಿ ಸುಮ್ಮನಿರತಾಳೇನು?" ಎಂದರು ಮಗನಿಗೆ. "ತಪ್ಪು ಕಾಣಿಕಿ ಕಟ್ಟಿ, ಬಲಗೈ ಕೊಡಸು."

ನಮ್ಮವರಿಗೆ ಅದು ಒಪ್ಪಿಗೆಯಿರಲಿಲ್ಲ. "ಹಂಗೇನಿಲ್ಲವ್ವ" ಎಂದರು. ಆದರೆ ತಾಯಿಯ ಮಾತು, ಹಬ್ಬದ ದಿನ. ಯಂತ್ರಕ್ಕೆ ಕಾಯಿ ಒಡೆದು, ನನ್ನ ಬಲಗೈ ತೊಳೆಸಿ, ಅರಿಷಿಣ ಹಚ್ಚಿ ಪರದೆಯ ಮುಂದೆ ಹಿಡಿಸಿದರು. ಮರುದಿನವೂ ಹಿಡಿಸಿದರು. ಐದು ದಿನದ ಹರಕೆ ಅದು. ಮೂರನೆಯ ದಿನ ಡೈನಮೋದ ಪಟ್ಟಾ ಹರಿಯಿತು, ಹೊಸದು ಹುಬ್ಬಳ್ಳಿಯಿಂದ ಬರಬೇಕಾಗಿತ್ತು. ನನ್ನ ಬಲಗೈಯ ಉಗುರುಗಳು ಇಂದಿಗೂ ಗೀರು ಗೀರಾಗಿವೆ, ಆದರೆ ಕೈ ಉಳಿಯಿತು. ಆ ಹರಿದ ಪಟ್ಟಾಕ್ಕೆ ನಾನು ಮನಸ್ಸಿನಲ್ಲೇ ಎಷ್ಟೋ ಸಲ ಕೈ ಮುಗಿದಿದ್ದೇನೆ.

ಪಟ್ಟಾ ಬರುವಷ್ಟರಲ್ಲಿ ಎಡಗೈ ನೋಡುವ ಹಾಗಿರಲಿಲ್ಲ. ಯಂತ್ರದ ಕೆಲಸ ನಿಂತಿತು. ಉಂಗುರ ಬೆರಳಿನ ತುದಿಯಲ್ಲಿ ಒಂದು ಹುಣ್ಣು ಬಾಯಿ ಬಿಟ್ಟದ್ದು ಮುಚ್ಚಲೇ ಇಲ್ಲ. ಸಂಕ್ರಾಂತಿಯ ಹೊತ್ತಿಗೆ ಆಚಾರ್ ಡಾಕ್ಟರ ಹತ್ತಿರ ಹೋದೆವು.

"ಕಾಸ್ಟಿಕ್ ಸೋಡಾ ಏನರ ಮುಟ್ಟಿದ್ದೇನವ್ವಾ?" ಎಂದು ಕೇಳಿದರು.

"ಇಲ್ರಿ" ಎಂದೆ. ಅವರು ಯಂತ್ರದ ಬಗ್ಗೆ ಕೇಳಲಿಲ್ಲ, ಕೇಳಲು ಅವರಿಗೆ ಗೊತ್ತಾದರೂ ಏನಿತ್ತು? ನಾವೂ ಹೇಳಲಿಲ್ಲ. ನಮ್ಮವರಿಗೆ ಅದಿನ್ನೂ ಬೆರಗುಗೊಳಿಸುವ ಗುಟ್ಟಾಗಿತ್ತು. ಎರಡು ತಿಂಗಳು ಮುಲಾಮು ಹಚ್ಚಿದೆ. ಬೆರಳ ತುದಿ ಕಪ್ಪಾದಾಗ ಡಾಕ್ಟರು ಮುಖ ಸಣ್ಣದು ಮಾಡಿ, "ಇನ್ನ ತಡಾ ಮಾಡಬ್ಯಾಡ್ರಿ. ಮಿರಜಕ್ಕ ಹೋಗ್ರಿ" ಎಂದು ಚೀಟಿ ಬರೆದರು.

ಮೂವರೂ ಹೋದೆವು. ರೈಲಿನ ಉದ್ದಕ್ಕೂ ನಾನು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದೆ. ನೋವಿಗಿಂತ ವಾಸನೆಗೆ ನಾಚಿಕೆ. ಎದುರು ಕೂತ ಹೆಂಗಸು ಎದ್ದು ಬೇರೆ ಕಡೆ ಹೋದಾಗ ಅತ್ತೆ ನನ್ನ ಹತ್ತಿರ ಸರಿದು, ಬಾವು ಬಂದ ಆ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಉಂಗುರದ ಸಿಟ್ಟಿನಲ್ಲಿದ್ದ ನನಗೆ ಅಳು ಬಂತು.

ಮಿರಜದ ಆಸ್ಪತ್ರೆಯಲ್ಲಿ ಉದ್ದನೆಯ ಬೆಂಚು, ಫಿನಾಯಿಲು ವಾಸನೆ, ಮರಾಠಿ ಕನ್ನಡ ಕೂಡಿದ ಗುಜುಗುಜು. ನಮಗೆ ಜಾಗ ಸಿಕ್ಕದ್ದು ಒಂದು ಮುಚ್ಚಿದ ಬಾಗಿಲಿನ ಎದುರು. ನನ್ನ ಪಕ್ಕದಲ್ಲಿ ಹಂಸಭಾವಿಯ ಒಬ್ಬ ಹೆಂಗಸು ಕೆಮ್ಮುತ್ತ ಕೂತಿದ್ದಳು. ಎದೆಯ ಚಿತ್ರ ತೆಗೆಸಲು ಮೂರನೆಯ ಸಲ ಬಂದಿದ್ದಳಂತೆ. "ಹೋಗಿ ಬರೂದರಾಗ ಅರ್ಧಾ ಜೀವಾ ಹೋಕ್ಕೇತ್ರಿ ಯಕ್ಕಾ" ಎಂದಳು.

ಆಗ ಆ ಬಾಗಿಲು ತೆರೆದು ಒಬ್ಬ ನೌಕರ ಹೊರಗೆ ಬಂದ. ಅವನ ಮೈಮೇಲೆ ದಪ್ಪ ರಬ್ಬರಿನ ಅಂಗಿ, ಎರಡೂ ಕೈಗೆ ಮೊಣಕೈತನಕ ಕೈಗವಸು.

ಅತ್ತೆ ಬೆಂಚಿನಿಂದ ಎದ್ದೇ ಬಿಟ್ಟರು. "ಪಾರೀ! ನೋಡ ಅಲ್ಲೆ! ಅವ ನಮ್ಮ ಒಲಿ ಮುಂದಿನ ಕೈಗವಸು ಹಾಕ್ಕೊಂಡಾನ!"

ಅವರ ದನಿಗೆ ಇಡೀ ಬೆಂಚು ತಿರುಗಿ ನೋಡಿತು. ಆ ಕ್ಷಣದಲ್ಲಿ ಅವನು ಅಕ್ಕಿಆಲೂರಿಗೆ ಬಂದು ಕದ್ದುಕೊಂಡು ಹೋದನೇನೋ ಎನ್ನುವ ಹಾಗಿತ್ತು. ನನಗೆ ನಗು ಬಂತು. ಆದರೆ ನಮ್ಮವರು ನಗಲಿಲ್ಲ. ನಿಧಾನವಾಗಿ ಎದ್ದು ಆ ನೌಕರನ ಹತ್ತಿರ ಹೋದರು.

"ಇದನ್ನ ಯಾಕ ಹಾಕ್ಕೋತೀರಿ?"

"ಒಳಗ ಎಕ್ಸ್‌ರೇ ಕೆಲಸಾರಿ. ಇದರಾಗ ಸೀಸ ಇರತೈತಿ, ಬೆಳಕನ್ನ ತಡೀತೈತಿ" ಎಂದ ಆತ. "ಇದಿಲ್ದ ದಿನಾ ಕೈ ಹಿಡದ್ರ, ಕೈ ಸುಟ್ಟು ಹೋಗತಾವು."

ನಮ್ಮವರು ತಿರುಗಿ ನನ್ನ ಕೈ ನೋಡಿದರು. ಆಮೇಲೆ ಅಲ್ಲೇ ನೆಲದ ಮೇಲೆ ಕೂತರು. ಆರೇಳು ತಿಂಗಳಿಂದ ಯಾರಿಗೂ ಸಿಗದ ಕಾಯಿಲೆಯ ಹೆಸರು ಡಾಕ್ಟರನ್ನು ಕಾಣುವ ಮೊದಲೇ ನಮಗೆ ಸಿಕ್ಕಿತ್ತು.

ಯಂತ್ರದ ಕತೆ ಕೇಳಿ ಸರ್ಜನರು ಬಹಳ ಬೈದರು. ಎಷ್ಟು ಸಲ ಹಿಡಿದಿರಿ ಎಂದರೆ ಲೆಕ್ಕವೆಲ್ಲಿ? ದಿನಾ ಎಂದೆ. ಅವರು ಸಿಟ್ಟು ಇಳಿದ ಮೇಲೆ ನನ್ನ ಕೈ ಹಿಡಿದು ಹೇಳಿದರು: ಕೊಳೆತ ಗೆಣ್ಣು ತೆಗೆಯುತ್ತೇನೆ, ತೊಡೆಯ ಚರ್ಮ ತಂದು ಬೆರಳುಗಳ ಮೇಲೆ ಕೂಡಿಸುತ್ತೇನೆ. ಅದು ಹತ್ತಿದರೆ ಕೈ ಉಳಿಯುತ್ತದೆ. ಹತ್ತದಿದ್ದರೆ ಮಣಿಕಟ್ಟಿನವರೆಗೆ ತೆಗೆಯಬೇಕಾಗುತ್ತದೆ. ಎಂಟು ದಿನ ಕಟ್ಟು ಬಿಚ್ಚುವುದಿಲ್ಲ.

ಆ ಎಂಟು ದಿನಗಳನ್ನು ಹೇಗೆ ಕಳೆದೆ ಎಂದು ಕೇಳಿದರೆ, ಸಿಟ್ಟಿನಲ್ಲಿ ಕಳೆದೆ. ಒಂಟಿ ಕೈಯಲ್ಲಿ ರೊಟ್ಟಿ ಬಡಿಯುವುದು ಹೇಗೆ, ಮುಂದೆ ಕೂಸು ಹುಟ್ಟಿದರೆ ಎತ್ತುವುದು ಹೇಗೆ ಎಂದು ಯೋಚಿಸುತ್ತ ಮಲಗಿದ್ದರೆ, ನಮ್ಮವರು ಮಂಚದ ಕಾಲಿಗೆ ಆತುಕೊಂಡು ಕೂತು, "ನಾನ ನಿನ್ನ ಕೈ ತಿಂದ್ನಿ" ಎಂದು ಅಳುತ್ತಿದ್ದರು. ಎರಡು ದಿನ ಸಮಾಧಾನ ಮಾಡಿದೆ. ಮೂರನೆಯ ದಿನ ತಡೆಯಲಾಗಲಿಲ್ಲ.

"ಕೈ ನಂದು ಹೋಗಾಕತ್ತೇತ್ರಿ. ಸಮಾಧಾನಾನೂ ನಾನ ಮಾಡಬೇಕೇನು?" ಎಂದು ಚೀರಿದೆ. "ಹೋಗ್ರಿ. ಹೊಟ್ಟಿಗೆ ಏನರ ತಿಂದು ಬಂದು ಕುಂತ್ಕೋರಿ."

ಅವರು ಎದ್ದು ಹೋಗಿ ಉಂಡು ಬಂದರು. ಮತ್ತೆ ಅಳಲಿಲ್ಲ. ರೋಗಿಗಳಾದವರಿಗೆ ನಾನು ಹೇಳುವ ಒಂದೇ ಬುದ್ಧಿಮಾತು ಇದು: ಒಮ್ಮೆ ಚೀರಿಬಿಡಿ, ಎಲ್ಲರಿಗೂ ಒಳ್ಳೆಯದು.

ಅತ್ತೆಗೆ ಮಾತ್ರ ಸರ್ಜನರ ಕೆಲಸ ಸಲೀಸಾಗಿ ಅರ್ಥವಾಗಿತ್ತು. ಒಂದು ಮಡಿಯ ಸಸಿ ಕಿತ್ತು ಇನ್ನೊಂದರಲ್ಲಿ ಹಚ್ಚುವುದು, ಭತ್ತದ ನಾಡಿನವರಿಗೆ ಅದೇನು ಹೊಸದೇ? ದಿನಾ ಮುಂಜಾನೆ ನರ್ಸಬಾಯಿಯನ್ನು ತಡೆದು, "ಏನ್ರಿ ಬಾಯಾರ, ನಮ್ಮ ಸಸಿ ಬೇರು ಬಿಟ್ಟತೇನು?" ಎಂದು ಕೇಳುವರು. ಮರಾಠಿಯ ಆ ಹುಡುಗಿಗೆ ಮೊದಮೊದಲು ಏನೂ ತಿಳಿಯದೆ, ಆಮೇಲೆ ತಿಳಿದು, ಆಕೆಯೂ ಹಾಗೇ ಅನ್ನತೊಡಗಿದಳು.

ಎಂಟನೆಯ ದಿನ ಕಟ್ಟು ಬಿಚ್ಚುವಾಗ ನಾನು ಗೋಡೆಯ ಕಡೆ ಮುಖ ಮಾಡಿದ್ದೆ. ಒಂದೊಂದೇ ಸುತ್ತು ಬಿಚ್ಚುವುದು ಕಿವಿಗೆ ಕೇಳುತ್ತಿತ್ತು. ಕೊನೆಯ ಪಟ್ಟಿಗೆ ನೀರು ಹಾಕಿ ನೆನೆಸಿದರು. ಆಮೇಲೆ ನರ್ಸಬಾಯಿ ನನ್ನನ್ನು ಬಿಟ್ಟು, ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕಡೆ ತಿರುಗಿ, ಒಡಕು ಕನ್ನಡದಲ್ಲಿ ಕೂಗಿದಳು: "ಆಜೀ, ಸಸಿ ಹತ್ತಿತು!"

ಕೈ ಉಳಿಯಿತು. ನರ್ಸಬಾಯಿ ಏನು ಬೇಕಾದರೂ ತಿನ್ನಬಹುದೆಂದಳು. ಊರಿಗೆ ಬಂದ ದಿನ ಅತ್ತೆ ಬದನೆಕಾಯಿ ಎಣಗಾಯಿ ಮಾಡಿ, ನಾನು ಸಾಕೆನ್ನುವವರೆಗೆ ಬಡಿಸಿದರು.

ಮನೆಗೆ ಬಂದವರೇ ನಮ್ಮವರು ಸುತ್ತಿಗೆ ತೆಗೆದುಕೊಂಡು ಚೀಲದ ಕೋಣೆಗೆ ನಡೆದರು. ನಾನು ಬಾಗಿಲಿಗೆ ಅಡ್ಡ ನಿಂತೆ. ಬೆಂಚಿನ ಮೇಲೆ ಕೆಮ್ಮುತ್ತಿದ್ದ ಹಂಸಭಾವಿಯ ಆಕೆ ಕಣ್ಣ ಮುಂದೆ ಇದ್ದಳು.

"ಒಡೀಬ್ಯಾಡ್ರಿ. ನನ್ನ ಬೆರಳು ಪುಗಸಟ್ಟೆ ಹೋಗಬಾರದು. ಇದನ್ನ ಕಲತವರ ಕಡೆ ಕೇಳಿ ಸುದ್ದ ಮಾಡ್ರಿ" ಎಂದೆ.

ಆಚಾರ್ ಡಾಕ್ಟರಿಗೆ ಎಲ್ಲ ಹೇಳಿದೆವು. ಅವರು ದಂಗಾದದ್ದು ನಿಜ, ಆದರೆ ನಮ್ಮವರು ಬಯಸಿದಂತಲ್ಲ. "ನಾ ಒಂದ ಮಾತು ಕೇಳಬೇಕಿತ್ತು" ಎಂದು ತಲೆ ಹಿಡಿದುಕೊಂಡರು. ಸರಿಮಾಡಲು ಮೂರು ವರ್ಷ ಹಿಡಿಯಿತು. ಮಿರಜದ ಆ ಕೈಗವಸಿನ ನೌಕರ ರಜೆ ಹಾಕಿ ಎರಡು ಸಲ ಬಂದುಹೋದ. ಅಲ್ಯುಮಿನಿಯಂ ಬಿಲ್ಲೆ ಬುರುಡೆಯ ಬಾಯಿಗೆ ಮರಳಿತು. ಬುರುಡೆಯ ಸುತ್ತ ಸೀಸದ ತಗಡು ಕೂತಿತು, ನಿಂತು ನೋಡುವವರಿಗೂ ಸೀಸದ ಮರೆಯಾಯಿತು. ಅತ್ತೆಯ ಕೈಗವಸು ಬೆಂಕಿಗೆ ಬಿರುಕು ಬಿಟ್ಟಿದ್ದರಿಂದ ಹೊಸದು ತರಿಸಬೇಕಾಯಿತು. ಹಳೆಯದು ಒಲೆಯ ಮುಂದೆಯೇ ಉಳಿಯಿತು. ಅದನ್ನು ಹಾಕಿಕೊಂಡು ಅತ್ತೆ ಗುಂಡಿ ಇಳಿಸುವಾಗಲೆಲ್ಲ ನನ್ನ ಕಡೆ ನೋಡುತ್ತಿರಲಿಲ್ಲ. ತಪ್ಪಾಯಿತು ಎಂಬ ಮಾತು ಅವರ ಬಾಯಲ್ಲಿ ಒಮ್ಮೆಯೂ ಬರಲಿಲ್ಲ.

ಅರವತ್ತರ ದಶಕ ಕಾಲಿಟ್ಟಾಗ ಯಂತ್ರ ಹಾನಗಲ್ಲಿನ ದವಾಖಾನೆಯಲ್ಲಿ ಕೂತಿತು. ಮೊದಲು ಚಾಲೂ ಮಾಡಿ ನೋಡುವ ದಿನ ಡಾಕ್ಟರು, ನಮ್ಮವರು, ಅತ್ತೆ, ನಾನು ಒಳಗಿದ್ದೆವು. ಕಿಟಕಿ ಮುಚ್ಚಿ, ಕಣ್ಣು ಕತ್ತಲಿಗೆ ಹೊಂದಲಿ ಎಂದು ಕೂತೆವು. ಎಲ್ಲ ಸಿದ್ಧವಾದಾಗ ನಮ್ಮವರ ಬಾಯಿಂದ ಹಳೆಯ ರೂಢಿಯಂತೆ ಮಾತು ಹೊರಬಿತ್ತು: "ಪಾರೀ, ಕೈ ತಾ!"

ಅಂದವರೇ ಕಲ್ಲಾದರು. ಆಗ ಅತ್ತೆ ಎದ್ದ ಸಪ್ಪಳ ಕೇಳಿತು. ಸೊಂಟದಿಂದ ದಾರ ಬಿಚ್ಚುವ ಸಪ್ಪಳ.

"ಆಕಿ ಕೈ ಬ್ಯಾಡ. ಇದನ್ನ ಇಡ" ಎಂದರು. ಯಾರೂ ಮುಟ್ಟಬಾರದ ಆ ಸಂಚಿಯನ್ನು ತಾವೇ ಪರದೆಯ ಹಿಂದಿನ ಹಲಗೆಯ ಮೇಲಿಟ್ಟು ಬಂದು ಸೀಸದ ಮರೆಯಲ್ಲಿ ನನ್ನ ಪಕ್ಕ ನಿಂತರು.

ಯಂತ್ರ ಗುಂಯ್ ಎಂದಿತು. ಪರದೆ ಹಸಿರಾಯಿತು. ಸಂಚಿಯ ಬಟ್ಟೆ ಕಾಣದಂತಾಗಿ, ಒಳಗಿನ ಸಾಮಾನು ಒಂದೊಂದಾಗಿ ಮೂಡಿತು. ಅಡಕತ್ತರಿ. ಸುಣ್ಣದ ಡಬ್ಬಿ. ಅದರ ಪಕ್ಕದಲ್ಲಿ ಒಂದು ಸಣ್ಣ ಕಪ್ಪು ಬಳೆ, ಒಂದು ಕಡೆ ಕತ್ತರಿಸಿ ಬಾಯಿ ಬಿಟ್ಟದ್ದು.

ನನ್ನ ಉಂಗುರ. ಅಷ್ಟು ವರ್ಷ ಅದು ಅವರ ಸೊಂಟದಲ್ಲೇ ಇತ್ತು.

"ಕೈ ಪೂರಾ ಆರಾಮಾದ ದಿನಾ ಬೆಸಿಗಿ ಹಾಕಿಸಿ ಹಾಕತೇನಿ ಅಂತ ದೇವರಿಗೆ ಬೇಡಿಕೊಂಡಿದ್ನಿ" ಎಂದರು ಅತ್ತೆ, ಕತ್ತಲಿಗೆ ಹೇಳುವವರಂತೆ. "ಬೆರಳು ಹೋದಮ್ಯಾಲೆ ನಿನಗ ಹ್ಯಾಂಗ ತೋರಸ್ಲಿ ಅಂತ ತಿಳೀಲಿಲ್ಲ."

ನಾನು ನನ್ನ ಎಡಗೈಯನ್ನು ಅವರ ಕೈಯಲ್ಲಿಟ್ಟೆ. ಅವರು ಕತ್ತಲಲ್ಲೇ ಆ ಮೊಂಡು ಬೆರಳನ್ನು ಬುಡದಿಂದ ತುದಿಯವರೆಗೆ ಸವರಿ ನೋಡಿದರು.

ಮರುದಿನವೇ ಪತ್ತಾರನ ಹತ್ತಿರ ಹೋದೆವು. ಈಗ ಬರೆಯುವಾಗಲೂ ಅದು ನನ್ನ ಎಡಗೈಯಲ್ಲಿದೆ. ಗೆಣ್ಣು ಒಂದು ಹೋದರೂ, ಉಂಗುರ ನಿಲ್ಲುವಷ್ಟು ಬೆರಳು ಉಳಿದಿದೆ.